ಸ್ಕೈ ದ್ವೀಪ ಸುತ್ತಲು ಕಾರೋ, ರೈಲೋ, ಟೂರ್ ವ್ಯಾನೋ?

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ದಾಟಿ ಸ್ಕೈ ದ್ವೀಪಕ್ಕೆ ಹೋಗುವವರ ಮುಂದೆ ಮೂರು ದಾರಿಗಳಿವೆ. ಬಾಡಿಗೆ ಕಾರು, ರೈಲು–ಫೆರಿ–ಬಸ್ಸು, ಇಲ್ಲವೇ ಮಿನಿಬಸ್ ಟೂರು. ಮೂರನ್ನೂ ಬಳಸಿ ನೋಡಿದ ಮೇಲೆ ಅನ್ನಿಸಿದ್ದಿಷ್ಟು: ಇಲ್ಲಿ ದುಡ್ಡಿಗಿಂತ ಮೋಡದ ಲೆಕ್ಕ ಮುಖ್ಯ. ಬೆಳಗ್ಗೆ ಮಂಜಿನಲ್ಲಿ ಮುಳುಗಿದ್ದ ಓಲ್ಡ್ ಮ್ಯಾನ್ ಆಫ್ ಸ್ಟೋರ್ ಬಂಡೆ ಸಂಜೆ ನಿಚ್ಚಳವಾಗಿ ಎದ್ದು ನಿಲ್ಲುವುದು ಅಲ್ಲಿ ಮಾಮೂಲು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಕಾಯಲು ಪುರುಸೊತ್ತಿದ್ದವರಿಗೆ ಬೆಟ್ಟ ಕಾಣುತ್ತದೆ.

ಆ ಪುರುಸೊತ್ತು ಟೂರಿನಲ್ಲಿಲ್ಲ. ಸ್ಟೋರ್ ಹತ್ತಿ ಇಳಿಯುವುದು ಸುಮಾರು 4 ಕಿ.ಮೀ., ಫೋಟೊ ಸೇರಿ ಒಂದೂವರೆ ಗಂಟೆ ಬೇಕು. ಬುಕ್ ಮಾಡುವ ಮೊದಲು ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆಂದು ಕೇಳಿ. 'ವ್ಯೂಪಾಯಿಂಟ್' ಎಂದಷ್ಟೇ ಬರೆದಿದ್ದರೆ ರಸ್ತೆಯಿಂದಲೇ ನೋಡಿಸುತ್ತಾರೆ ಎಂದರ್ಥ. ಇನ್ವರ್ನೆಸ್‌ನಿಂದ ಒಂದೇ ದಿನದ ಟೂರಾದರೆ ಅರ್ಧ ದಿನ ಸೀಟಿನಲ್ಲೇ ಕಳೆಯುತ್ತದೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು, ಕಾರು ಓಡಿಸುವವರಿಲ್ಲ ಎಂದರೆ ಮೂರು ದಿನದ ಟೂರು ಪರವಾಗಿಲ್ಲ.

ದಾರಿಯ ಸೊಗಸಿಗೆ ರೈಲಿಗೆ ಸಾಟಿಯಿಲ್ಲ. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ನಿಂದ ಫೆರಿ ಹೊರಡುವ ಮ್ಯಾಲೇಗ್ ಬಂದರಿಗೆ ಐದೂ ಕಾಲು ಗಂಟೆ. ರ‍್ಯಾನಕ್ ಮೂರ್ ಎಂಬ ಬೋಳು ಜೌಗು ಬಯಲಿನ ಅಂಚನ್ನಷ್ಟೇ ಎ82 ರಸ್ತೆ ಸವರಿಕೊಂಡು ಹೋಗುತ್ತದೆ. ರೈಲು ನಡುವೆಯೇ ನುಗ್ಗುತ್ತದೆ. 408 ಮೀಟರ್ ಎತ್ತರದ ಕೊರೂರ್ ನಿಲ್ದಾಣಕ್ಕಂತೂ ಸಾರ್ವಜನಿಕ ರಸ್ತೆಯೇ ಇಲ್ಲ. 1901ರಲ್ಲಿ ತೆರೆದ, 21 ಕಮಾನುಗಳ ಗ್ಲೆನ್‌ಫಿನ್ನನ್ ಸೇತುವೆ ನೋಡಲು ಮ್ಯಾಲೇಗ್ ಕಡೆ ಹೋಗುವಾಗ ಎಡಗಡೆ ಕೂರಬೇಕು. ಉಗಿ ರೈಲಿಗೆ ದುಬಾರಿ ಟಿಕೆಟ್ ಕೊಳ್ಳಬೇಕಿಲ್ಲ, ಸಾಮಾನ್ಯ ರೈಲೂ ಅದೇ ಸೇತುವೆ ಮೇಲೆ ಹೋಗುತ್ತದೆ.

ಆಮೇಲೆ ಶುರು ತಾಪತ್ರಯ. ಫೆರಿ ಮುಕ್ಕಾಲು ಗಂಟೆಯೊಳಗೆ ಸ್ಕೈ ದ್ವೀಪದ ಆರ್ಮಡೇಲ್ ಮುಟ್ಟಿಸುತ್ತದೆ, ಆದರೆ ಅಲ್ಲಿಂದ ಮುಂದೆ ಬಸ್ಸು ಕಡಿಮೆ, ಭಾನುವಾರ ಇನ್ನೂ ಕಡಿಮೆ. ದ್ವೀಪದ ಮುಖ್ಯ ಊರಾದ ಪೋರ್ಟ್ರಿಯಿಂದ ಸ್ಟೋರ್‌ಗೆ ಬಸ್ಸಿನಲ್ಲಿ ಹೋಗಿ ಬರಬಹುದು. ನೈಸ್ಟ್ ಪಾಯಿಂಟ್ ದೀಪಸ್ತಂಭಕ್ಕೆ ಬಸ್ಸು ನಂಬಿ ಹೊರಟರೆ ಇಡೀ ದಿನ ಹೋಯಿತು.

ಕಾರಿನ ವಿಷಯದಲ್ಲಿ ನಮಗೆ ಅನುಕೂಲವಿದೆ. ಸ್ಟಿಯರಿಂಗ್ ಬಲಕ್ಕೆ, ಓಡಾಟ ರಸ್ತೆಯ ಎಡಕ್ಕೆ, ನಮ್ಮ ಲೈಸೆನ್ಸ್ 12 ತಿಂಗಳು ನಡೆಯುತ್ತದೆ. ಆಟೊಮ್ಯಾಟಿಕ್ ಬೇಕಿದ್ದರೆ ಬೇಗ ಬುಕ್ ಮಾಡಿ. ವೇಗದ ಫಲಕಗಳೆಲ್ಲ ಮೈಲಿಯಲ್ಲಿರುತ್ತವೆ.

ಗೊಂದಲವಾಗುವುದು ಒಂಟಿ ಲೇನಿನ ರಸ್ತೆಗಳಲ್ಲಿ. ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಫಲಕವಿರುವ ಉಬ್ಬು ಜಾಗಗಳಿರುತ್ತವೆ. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ರಸ್ತೆಯಲ್ಲೇ ಅದರ ಎದುರಿಗೆ ನಿಲ್ಲಿ, ಎದುರಿನವರು ಅದರೊಳಗೆ ಬಳಸಿ ಬರುತ್ತಾರೆ. ಬಲಕ್ಕೆ ದಾಟಿ ನುಗ್ಗಬಾರದು. ಹೆಡ್‌ಲೈಟ್ ಮಿನುಗಿಸಿದರೆ ನಮ್ಮ ಘಾಟಿಗಳಲ್ಲಿ 'ನಾನು ಬರ್ತಿದೀನಿ, ತಡಿ' ಎಂದರ್ಥ. ಅಲ್ಲಿ 'ನೀವು ಬನ್ನಿ' ಎಂದು. ಇದು ತಿಳಿಯದೆ ಇಬ್ಬರೂ ನಿಂತೇ ಇರುತ್ತಾರೆ, ಇಲ್ಲವೇ ಇಬ್ಬರೂ ನುಗ್ಗುತ್ತಾರೆ. ಹಿಂದೆ ಸ್ಥಳೀಯರ ಗಾಡಿ ಬಂದರೆ ಪಕ್ಕಕ್ಕೆ ನಿಂತು ಬಿಟ್ಟುಕೊಡಿ. ಆ ಜಾಗಗಳಲ್ಲಿ ಪಾರ್ಕ್ ಮಾಡಿ ಫೋಟೊ ತೆಗೆಯುವವರ ಮೇಲೆ ಊರವರಿಗೆ ವಿಪರೀತ ಸಿಟ್ಟು, ಅದು ನ್ಯಾಯವೂ ಹೌದು.

ನೈಸ್ಟ್ ಪಾಯಿಂಟ್‌ನಂಥ ಕಡೆ ಕಾರನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲು ಹಿಡಿದುಕೊಂಡೇ ತೆಗೆಯಿರಿ. ಹಿಂದಿನಿಂದ ಗಾಳಿ ಹೊಡೆದರೆ ಬಾಗಿಲ ಕೀಲೇ ಬಾಗುತ್ತದೆ. ಟೈರು, ಗಾಜು ಸಾಮಾನ್ಯವಾಗಿ ಮೂಲ ವಿಮೆಯಲ್ಲಿ ಸೇರಿರುವುದಿಲ್ಲ, ಕೇಳಿಕೊಳ್ಳಿ. ಪೆಟ್ರೋಲನ್ನು ಬ್ರಾಡ್‌ಫೋರ್ಡ್ ಅಥವಾ ಪೋರ್ಟ್ರಿಯಲ್ಲೇ ತುಂಬಿಸಿ. ಟ್ಯಾಲಿಸ್ಕರ್ ಡಿಸ್ಟಿಲರಿಯಲ್ಲಿ ವಿಸ್ಕಿ ರುಚಿ ನೋಡುವ ಆಸೆಯಿದ್ದರೆ ಓಡಿಸುವವರನ್ನು ಬಿಟ್ಟು ಉಳಿದವರು ನೋಡಲಿ. ಸ್ಕಾಟ್ಲೆಂಡಿನ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ., ಇಂಗ್ಲೆಂಡಿನಲ್ಲಿ 80.

ಯಾವುದರಲ್ಲಿ ಹೋದರೂ ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣದ ಕಾಟ ತಪ್ಪದು. ಜೂನ್‌ನಿಂದ ಆಗಸ್ಟ್‌ವರೆಗೆ, ಗಾಳಿ ನಿಂತ ತೇವದ ಸಂಜೆಗಳಲ್ಲಿ ಮುತ್ತಿಕೊಳ್ಳುತ್ತವೆ. ತಲೆಗೆ ಹಾಕುವ ಬಲೆ ಒಯ್ಯಿರಿ. ಕೊಡೆ ಬೇಡ, ಗಾಳಿಗೆ ಮುರಿಯುತ್ತದೆ. ಟೋಪಿಯಿರುವ ರೇನ್‌ಕೋಟ್ ಸಾಕು.

ಇಬ್ಬರಿಂದ ನಾಲ್ವರಿದ್ದರೆ ನಮ್ಮ ಆಯ್ಕೆ ಬೆರಕೆ: ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂವರೆಗೆ ರೈಲು, ಅಲ್ಲಿಂದ ಕಾರು, ಪೋರ್ಟ್ರಿಯಲ್ಲಿ ಕನಿಷ್ಠ ಮೂರು ರಾತ್ರಿ. ಫೋರ್ಟ್ ವಿಲಿಯಂನಲ್ಲಿ ಬಾಡಿಗೆ ಕಾರುಗಳು ಕಡಿಮೆ, ಹಾಗಾಗಿ ಕಾರು ಖಾತ್ರಿಯಾದ ಮೇಲೆಯೇ ರೈಲು ಟಿಕೆಟ್ ಕೊಳ್ಳಿ. ಹೋಗುವಾಗ ಮ್ಯಾಲೇಗ್ ಫೆರಿಯಲ್ಲಿ ಕಾರಿಗೆ ಮೊದಲೇ ಜಾಗ ಕಾದಿರಿಸಿ. ಬರುವಾಗ ದ್ವೀಪವನ್ನು ಮುಖ್ಯ ನೆಲಕ್ಕೆ ಸೇರಿಸುವ ಸ್ಕೈ ಸೇತುವೆಯ ಮೇಲೆ ಬನ್ನಿ, 2004ರಿಂದ ಅದಕ್ಕೆ ಸುಂಕವಿಲ್ಲ.