ಲೆನ್ಸ್ ಹೊರಗೆ ಬಾರದ ಕ್ಯಾಮೆರಾ: ಕರಾವಳಿ ತಿರುಗಾಟಕ್ಕೆ ಒಲಿಂಪಸ್ ಟಿಜಿ-6

ಮಲ್ಪೆಯ ಹೊಯ್ಗೆಗೆ ಸಿಕ್ಕಿದ ಜೂಮ್ ಕ್ಯಾಮೆರಾ ಹಾಳಾಗುವ ರೀತಿ ಹೆಚ್ಚಾಗಿ ಒಂದೇ. ಲೆನ್ಸ್ ಅರ್ಧ ಹೊರಬಂದು ನಿಲ್ಲುತ್ತದೆ, ಒಳಗೆ ಕಿರ್ ಕಿರ್ ಸದ್ದು, ಪರದೆಯಲ್ಲಿ ‘ಲೆನ್ಸ್ ಎರರ್’. ಒಂದರೊಳಗೊಂದು ಜಾರುವ ಕೊಳವೆಗಳ ಸಂದಿಗೆ ನಾಲ್ಕು ಕಣ ಹೊಕ್ಕರೂ ಸಾಕು, ತಳ್ಳುವ ತ್ರಾಣ ಆ ಸಣ್ಣ ಮೋಟಾರಿಗಿಲ್ಲ. ಬ್ಲೋವರ್‌ನಲ್ಲಿ ಊದಿ, ಕೆಳಮುಖ ಹಿಡಿದು ಮೆಲ್ಲ ತಟ್ಟಿ ನೋಡಬಹುದು. ಕೈಯಲ್ಲಿ ತಿರುಗಿಸಲು ಹೋದರೆ ಗೇರಿನ ಹಲ್ಲೂ ಹೋಗುತ್ತದೆ. ರಿಪೇರಿಗೆ ಕೊಟ್ಟು ಕಾಯುತ್ತ ಕೂತರೆ ತಿರುಗಾಟ ಮುಗಿದಂತೆಯೇ. ಹಾಗೆ ಬದಲಿಯಾಗಿ ಬಂದ ಟಿಜಿ-6 ಈಗ ಹಲವು ಮಳೆಗಾಲ ಕಂಡಿದೆ.

ಇದು 2019ರ ಮಾದರಿ. 12 ಮೆಗಾಪಿಕ್ಸೆಲ್, ಜೂಮ್ ಬರೀ 4 ಪಟ್ಟು, ಅಗಲ ನೋಟದ 25 ಮಿ.ಮೀ.ನಿಂದ ಪೂರ್ತಿ ಜೂಮ್‌ನ 100 ಮಿ.ಮೀ. ಅಷ್ಟೆ. ಆದರೆ ಜೂಮ್ ಪೂರ್ತಿ ಒಳಗೇ ನಡೆಯುತ್ತದೆ, ಎದುರಿಗೆ ಇರುವುದು ಗಾಜು ಮಾತ್ರ. ನೀರಲ್ಲಿ 15 ಮೀಟರ್ ಆಳದವರೆಗೆ ತಡೆಯುತ್ತದೆ ಎಂದು ಕಂಪನಿಯ ಲೆಕ್ಕ. ಸೈಂಟ್ ಮೇರೀಸ್ ದ್ವೀಪದ ಬೋಟಿನಲ್ಲಿ ನೀರು ಎರಚಿದಾಗ ತೊಟ್ಟೆ ಹುಡುಕಬೇಕಾಗಿಲ್ಲ.

ಜಾಗ್ರತೆ ಬೇಕಾದದ್ದು ಎರಡು ಮುಚ್ಚಳಗಳಿಗೆ: ಬ್ಯಾಟರಿ-ಕಾರ್ಡಿನದ್ದು ಮತ್ತು ಕೇಬಲ್ಲಿನದ್ದು. ನೀರು ತಡೆಯುವುದು ಒಳಗಿನ ರಬ್ಬರ್ ಪ್ಯಾಕಿಂಗ್. ಅದರ ಮೇಲೆ ಒಂದು ಕೂದಲು ಅಡ್ಡ ಬಿದ್ದರೂ ನೀರು ಜಿನುಗುತ್ತದೆ. ಸಮುದ್ರದಿಂದ ಬಂದ ಮೇಲೆ ಮುಚ್ಚಳ ತೆರೆಯದೆ, ಬಕೆಟ್ ಸಿಹಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ನೀರೊಳಗೇ ಬಟನ್‌ಗಳನ್ನು ಕೆಲವು ಸಲ ಒತ್ತಿ, ಉಪ್ಪು ಕೂರುವುದು ಅವುಗಳ ಸಂದಿಯಲ್ಲೇ. ಪೂರ್ತಿ ಒಣಗಿದ ಮೇಲಷ್ಟೇ ತೆರೆಯಿರಿ. ಪ್ಯಾಕಿಂಗನ್ನು ಬೈರಾಸಿನಲ್ಲಿ ಒರೆಸಬೇಡಿ, ನೂಲು ಅಂಟುತ್ತದೆ. ಕನ್ನಡಕದ ಬಟ್ಟೆ ಸಾಕು. ವರ್ಷಕ್ಕೊಮ್ಮೆ ಬದಲಿಸಲು ಕಂಪನಿಯೇ ಹೇಳುತ್ತದೆ.

ನಮ್ಮ ಸೆಕೆಯಲ್ಲಿ ಇನ್ನೊಂದು ಪೀಡೆ, ಲೆನ್ಸಿನ ಒಳಗಿನ ಮಂಜು. ಕಡಲದಂಡೆಯಲ್ಲಿ ಮುಚ್ಚಳ ತೆರೆದರೆ ತೇವದ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ, ನೀರಿಗಿಳಿಸಿ ತಣ್ಣಗಾದ ಕೂಡಲೇ ಗಾಜಿಗೆ ಹನಿಯಾಗಿ ಕೂರುತ್ತದೆ. ಹಾಗಾಗಿ ಬ್ಯಾಟರಿ, ಕಾರ್ಡ್ ಬದಲಿಸುವ ಕೆಲಸ ಎಸಿ ಕೋಣೆಯಲ್ಲೇ ಆಗಲಿ. ಹೊರಗೆ ಹೊರಡುವಾಗ ಜಿಪ್ ತೊಟ್ಟೆಗೆ ಹಾಕಿ, ಕ್ಯಾಮೆರಾ ಬಿಸಿಯಾಗಲು ಕಾಲು ಗಂಟೆ ಬಿಡಿ.

ಚಾರ್ಜಿಂಗ್ ಮೈಕ್ರೋ ಯುಎಸ್‌ಬಿ, ಅದಕ್ಕೂ ಮುಚ್ಚಳ ತೆರೆಯಲೇಬೇಕು. ಪವರ್ ಬ್ಯಾಂಕ್‌ಗಿಂತ ಇನ್ನೊಂದು ಎಲ್‌ಐ-92ಬಿ ಬ್ಯಾಟರಿ ಇಟ್ಟುಕೊಳ್ಳುವುದೇ ವಾಸಿ. ಮೇಲಿರುವ, ಓಡಾಡಿದ ಹಾದಿ ದಾಖಲಿಸುವ ‘ಲಾಗ್’ ಸನ್ನೆ ಚೀಲದೊಳಗೆ ತಾನಾಗಿ ಸರಿದರೆ, ಕ್ಯಾಮೆರಾ ಆಫ್ ಇದ್ದರೂ ಜಿಪಿಎಸ್ ಬ್ಯಾಟರಿ ತಿನ್ನುತ್ತಿರುತ್ತದೆ. ಚಾರ್ಜ್ ನಿಲ್ಲುವುದಿಲ್ಲ ಎನ್ನುವವರು ಮೊದಲು ಇದನ್ನು ನೋಡಿ ಮಾರಾಯ್ರೆ.

ಚಿತ್ರದ ವಿಷಯ. ಹಗಲಿಗೆ ದೂರಿಲ್ಲ. ಸೆನ್ಸರ್ ಉಗುರಿನಷ್ಟೇ ಸಣ್ಣದು, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 800ರವರೆಗೆ ಪರವಾಗಿಲ್ಲ, 1600 ದಾಟಿದರೆ ಕಾಳುಕಾಳು. ರಾತ್ರಿಯ ಯಕ್ಷಗಾನಕ್ಕೆ ಎದುರಿನ ಸಾಲಿನಲ್ಲೇ ಕೂತು ಜೂಮ್ ಮುಟ್ಟದೆ ತೆಗೆಯಬೇಕು: ಹೆಚ್ಚು ಬೆಳಕು ಬಿಡುವ ಎಫ್/2.0 ಕಿಂಡಿ (ಅಪರ್ಚರ್) ಇರುವುದು 25 ಮಿ.ಮೀ.ಗೆ ಮಾತ್ರ, ಪೂರ್ತಿ ಜೂಮ್‌ನಲ್ಲಿ ಅದು ಎಫ್/4.9, ಆಗ ಕುಣಿಯುವ ವೇಷ ಕದಡಿ ಬರುತ್ತದೆ. ಅಗಲ ನೋಟದಲ್ಲಿ ತೋರಿಸುವ ಎಫ್/8 ನಿಜವಾದ ಅಪರ್ಚರ್ ಅಲ್ಲ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ಬೆಳಕು ಕಡಿಮೆಯಾಗುತ್ತದೆ, ಹಿಂದೆ-ಮುಂದಿನ ಸ್ಪಷ್ಟತೆ ಹೆಚ್ಚುವುದಿಲ್ಲ. ವ್ಯೂಫೈಂಡರ್ ಇಲ್ಲದ ಕಾರಣ ನಡುಮಧ್ಯಾಹ್ನ ಪರದೆ ಕಾಣುವುದು ಕಷ್ಟ.

ಇದರ ಗಮ್ಮತ್ತು ಮೈಕ್ರೋಸ್ಕೋಪ್ ಮೋಡ್‌ನಲ್ಲಿ. 1 ಸೆಂ.ಮೀ.ಗೆ ಫೋಕಸ್ ಆಗುತ್ತದೆ. ಆಗುಂಬೆಯ ಮಳೆಯಲ್ಲಿ ಎಲೆಯ ತುದಿಯ ಹನಿ, ಕಪ್ಪೆಯ ಕಣ್ಣು, ದ್ವೀಪದ ಕಂಬ ಬಂಡೆಗೆ ಕಚ್ಚಿಕೊಂಡ ಚಿಪ್ಪು, ಎಲ್ಲ ಸಿಗುತ್ತದೆ. ಅಷ್ಟು ಹತ್ತಿರ ಕ್ಯಾಮೆರಾದ ನೆರಳೇ ಬೀಳುವುದರಿಂದ ಎಲ್‌ಜಿ-1 ಉಂಗುರ ಬೇಕು. ಮುಂದಿನ ಎಲ್‌ಇಡಿ ಬೆಳಕನ್ನು ಅದು ಲೆನ್ಸಿನ ಸುತ್ತ ಹರಡುತ್ತದೆ.

2023ರಲ್ಲಿ, ಒಲಿಂಪಸ್ ಕ್ಯಾಮೆರಾಗಳ ಹೊಸ ಹೆಸರಾದ ಓಎಂ ಸಿಸ್ಟಮ್‌ನಲ್ಲಿ ಬಂದ ಟಿಜಿ-7ಕ್ಕೆ ಯುಎಸ್‌ಬಿ-ಸಿ ಇದೆ, ಹೊಸದು ಕೊಳ್ಳುವವರು ಅದನ್ನೇ ನೋಡಿ. ಟಿಜಿ-6 ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಟಾರ್ಚನ್ನು ಓರೆಯಾಗಿ ಹಿಡಿದು ಲೆನ್ಸಿನೊಳಗೆ ನೋಡಿ. ಬಲೆಯಂಥ ಬಿಳಿ ಎಳೆ ಕಂಡರೆ ಫಂಗಸ್, ಬಿಡುವುದೇ ಒಳ್ಳೆಯದು. ಪ್ಯಾಕಿಂಗ್ ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಿಸುವವರೆಗೆ ನೀರಿಗಿಳಿಸಬೇಡಿ.