ಸ್ಟೀಮ್ ಜೊತೆ ಡೀಸೆಲ್: ಡಿಸಿ ಸಾಕಾ, ಡಿಸಿಸಿ ಬೇಕಾ?

ಮಾಡೆಲ್ ರೈಲಿನಲ್ಲಿ ಸ್ಟೀಮ್, ಡೀಸೆಲ್ ಎರಡೂ ಎಂಜಿನ್ ಸೇರಿ ಒಂದೇ ಗಾಡಿ ಎಳೆಯಬೇಕು ಅಂದರೆ ವೇಗ ಹೊಂದಬೇಕು. ಮೊದಲು ಕೊಂಡಿ ಹಾಕದೆ, ಒಂದು ಗೇಣು ದೂರದಲ್ಲಿ ಎರಡನ್ನೂ ಓಡಿಸಿ ನೋಡಿ. ಎರಡು ಸುತ್ತಿನಲ್ಲಿ ಡೀಸೆಲ್ ಹೋಗಿ ಸ್ಟೀಮ್‌ನ ಟೆಂಡರ್‌ಗೆ (ಹಿಂದಿನ ಕಲ್ಲಿದ್ದಲು-ನೀರಿನ ಗಾಡಿಗೆ) ಗುದ್ದಿದರೆ ಜೋಡಿ ಸರಿಯಿಲ್ಲ.

ಡಿಸಿಯಲ್ಲಿ, ಅಂದರೆ ಹಳಿಗೆ ಕೊಡುವ ವಿದ್ಯುತ್ ಹೆಚ್ಚು ಕಡಿಮೆ ಮಾಡಿ ಓಡಿಸುವ ಪದ್ಧತಿಯಲ್ಲಿ, ಹಳಿಯ ವೋಲ್ಟೇಜ್ ಇಬ್ಬರಿಗೂ ಒಂದೇ. ಖರ್ಚು ಕಡಿಮೆ, ತಲೆನೋವೂ ಕಡಿಮೆ. ಆದರೆ ಒಂದು ಬೇಗ ಹೊರಟರೆ ಇನ್ನೊಂದನ್ನು ಸುಮ್ನೆ ದರದರ ಎಳೆಯುತ್ತದೆ. ಚಕ್ರ ಜಾರಿದರೆ ಪರವಾಗಿಲ್ಲ. ರಬ್ಬರ್ ಪಟ್ಟಿ ಇರುವ ಚಕ್ರ ಸುಲಭಕ್ಕೆ ಜಾರುವುದಿಲ್ಲ, ಮೋಟಾರಿಗೆ ಪೆಟ್ಟು.

ಡಿಸಿಸಿಯಲ್ಲಿ, ಅಂದರೆ ಹಳಿಯ ಮೂಲಕ ಡಿಜಿಟಲ್ ಆದೇಶ ಕಳಿಸುವ ಪದ್ಧತಿಯಲ್ಲಿ, ಪ್ರತಿ ಎಂಜಿನ್‌ಗೂ ಆ ಆದೇಶ ಓದುವ ಡಿಕೋಡರ್ ಬೇಕು, ದುಡ್ಡು ಜಾಸ್ತಿ. ಬದಲಿಗೆ ಸಿವಿ (ಡಿಕೋಡರ್‌ನ ಸೆಟ್ಟಿಂಗ್) 2ರಲ್ಲಿ ಹೊರಡುವ ವೇಗ, 6ರಲ್ಲಿ ನಡುವಿನದು, 5ರಲ್ಲಿ ಗರಿಷ್ಠ ವೇಗ ತಿದ್ದಬಹುದು. ವೇಗದ್ದನ್ನೇ ನಿಧಾನ ಮಾಡಿ; ನಿಧಾನದ್ದನ್ನು ಇನ್ನೂ ಜೋರಾಗಿ ಓಡಿಸಲು ಆಗುವುದಿಲ್ಲ, ಅಲ್ವಾ? ಆಮೇಲೆ ಸಿವಿ 19ರಲ್ಲಿ ಎರಡಕ್ಕೂ ಒಂದೇ ನಂಬರ್ ಕೊಡಿ, ಆಗ ಒಂದೇ ಆದೇಶಕ್ಕೆ ಎರಡೂ ಓಡುತ್ತವೆ.

ಇಂಥ ಜೋಡಿ ಬರೀ ಆಟವಲ್ಲ. 2019ರಲ್ಲಿ ಮತ್ತೆ ಹಳಿಗೆ ಬಂದ ಅಮೆರಿಕದ ನಿಜವಾದ ಸ್ಟೀಮ್ ಎಂಜಿನ್ ಬಿಗ್ ಬಾಯ್ 4014ರ ಹಿಂದೆಯೂ ಸಾಮಾನ್ಯವಾಗಿ ಡೀಸೆಲ್ ಇರುತ್ತದೆ.

ಇರುವ ಎರಡು ಎಂಜಿನ್ ಡಿಸಿಯಲ್ಲೇ ಹೊಂದಿದರೆ ನಾನಂತೂ ಡಿಕೋಡರ್‌ಗೆ ದುಡ್ಡು ಹಾಕುವುದಿಲ್ಲ. ಹೊಂದದಿದ್ದರೆ ಡಿಸಿಸಿಯೇ.