ರೆಫರೆನ್ಸ್ ಪಟ್ಟಿಯನ್ನು ಹೊರಗಿನವರ ಕೈಗೆ ಕೊಡುವ ಮೊದಲು ಇದನ್ನು ಓದಿ

ವೈದ್ಯಕೀಯ ಪತ್ರಿಕೆಗೆ ಪೇಪರ್ ಕಳಿಸಲು ಹೊರಟಿರುವ ಪಿಜಿಗಳು, ಅವರ ಗೈಡ್‌ಗಳು ದಯವಿಟ್ಟು ಪೂರ್ತಿ ಓದಿ. ‘ಥೀಸಿಸ್, ಸ್ಟ್ಯಾಟಿಸ್ಟಿಕ್ಸ್, ರೆಫರೆನ್ಸ್ ಸೆಟ್ಟಿಂಗ್ ಎಲ್ಲ ಮಾಡಿಕೊಡುತ್ತೇವೆ’ ಎಂಬ ಜಾಹೀರಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವುದನ್ನು ನೀವೂ ನೋಡಿರುತ್ತೀರಿ. ಅಂಥದ್ದೇ ಒಂದು ಕಡೆಯವರಿಂದ ನಮ್ಮ ಪೇಪರ್ ಹಾಳಾಯಿತು. ಹೆಸರು ಹೇಳುವುದಿಲ್ಲ, ಏಕೆಂದರೆ ಇದೇ ರೀತಿ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ.

ನಮ್ಮದು ಗರ್ಭಿಣಿಯರ ರಕ್ತಹೀನತೆಯ ಮೇಲಿನ ಅಧ್ಯಯನ. ಪತ್ರಿಕೆಯವರು ವಿಮರ್ಶೆ ಮುಗಿಸಿ, ಪೀಠಿಕೆಗೆ ಒಂದೆರಡು ಹೊಸ ರೆಫರೆನ್ಸ್ ಸೇರಿಸಿ, ಇಡೀ ಪಟ್ಟಿಯನ್ನು ಪತ್ರಿಕೆಯ ಶೈಲಿಗೆ ತನ್ನಿ ಎಂದು ವಾಪಸ್ ಕಳಿಸಿದ್ದರು. ಗಡುವು ಹತ್ತಿರ ಬಂದಿತ್ತು, ಲೇಬರ್ ವಾರ್ಡ್ ಡ್ಯೂಟಿ ಬೇರೆ. ವಿಭಾಗದಲ್ಲಿ ಸೀನಿಯರ್‌ಗಳೆಲ್ಲ ಆ ಜಾಹೀರಾತಿನವರಿಗೇ ಕೊಡುವುದು ರೂಢಿ. ಒಂದೊಂದು ರೆಫರೆನ್ಸ್‌ಗೆ ಇಷ್ಟು ಎಂದು ದರ ಹೇಳಿ, ಮುಂಗಡ ಹಾಕಿಸಿಕೊಂಡು, ‘ಸಾಫ್ಟ್‌ವೇರ್‌ನಲ್ಲೇ ಮಾಡ್ತೀವಿ ಡಾಕ್ಟ್ರೇ, ವಿಷಯ ಒಂದಕ್ಷರ ಬದಲಾಗಲ್ಲ’ ಎಂದರು.

ಬಂದ ಪಟ್ಟಿ ನೋಡಲು ಚೊಕ್ಕವಾಗಿತ್ತು. ಪತ್ರಿಕೆಗಳ ಹೆಸರೆಲ್ಲ ಸಂಕ್ಷಿಪ್ತ ರೂಪದಲ್ಲಿ, ಪ್ರತಿಯೊಂದರ ಕೊನೆಗೆ ಡಿಒಐ, ಅಂದರೆ ಆ ಲೇಖನವನ್ನು ಆನ್‌ಲೈನ್‌ನಲ್ಲಿ ತೆರೆಯುವ ಕಾಯಂ ಗುರುತು. ಕಳಿಸಿದ ಮೇಲೆ ಸಂಪಾದಕರ ಕಚೇರಿಯಿಂದ ಪತ್ರ ಬಂತು: ನಿಮ್ಮ ಕೆಲವು ರೆಫರೆನ್ಸ್‌ಗಳು ಎಲ್ಲಿಯೂ ಸಿಗುತ್ತಿಲ್ಲ, ವಿವರಣೆ ಕೊಡಿ. ಗೈಡ್ ಮೇಡಂ ಮತ್ತು ನಾನು ಹಳೆಯ ಪ್ರತಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆವು.

ಗರ್ಭಿಣಿಯಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುವುದಕ್ಕೆ ನಾವು ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆಯನ್ನು ಕೊಟ್ಟಿದ್ದೆವು. ಹೊಸ ಪಟ್ಟಿಯಲ್ಲಿ ಅದರ ಲೇಖಕರು ‘ಆರ್ಗನೈಸೇಷನ್ ಡಬ್ಲ್ಯು ಎಚ್’! ಸಂಸ್ಥೆಯ ಹೆಸರಿನ ಕೊನೆಯ ಪದ ಮನೆತನದ ಹೆಸರಾಗಿ, ಉಳಿದದ್ದು ಇನಿಷಿಯಲ್ ಆಗಿತ್ತು. ಅಷ್ಟೇ ಆಗಿದ್ದರೆ ತಿದ್ದಬಹುದಿತ್ತು. ಆ ದಾಖಲೆಗೆ ಒಂದು ಪತ್ರಿಕೆಯ ಹೆಸರು, ಸಂಪುಟ, ಪುಟಸಂಖ್ಯೆಗಳನ್ನೂ ಹೊಸದಾಗಿ ಹುಟ್ಟಿಸಿದ್ದರು. ಇನ್ನೊಂದರಲ್ಲಿ ಲೇಖಕರು ಸರಿ, ಶೀರ್ಷಿಕೆ ಹೆಚ್ಚುಕಡಿಮೆ ಸರಿ, ವರ್ಷ ತಪ್ಪು. ಡಿಒಐ ಒತ್ತಿದರೆ ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಯ ಲೇಖನ ತೆರೆದುಕೊಂಡಿತು. ಮತ್ತೆ ಕೆಲವು ಲೇಖನಗಳು ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲೂ ಇಲ್ಲ, ಆ ಪತ್ರಿಕೆಯ ಆ ಸಂಚಿಕೆಯಲ್ಲೂ ಇಲ್ಲ. ಪಟ್ಟು ಹಿಡಿದು ಕೇಳಿದ ಮೇಲೆ, ಪಟ್ಟಿಯನ್ನು ಎಐಗೆ ಹಾಕಿ ತೆಗೆದೆವು ಎಂದು ಫೋನಿನಲ್ಲಿ ಒಪ್ಪಿಕೊಂಡರು. ಸಾಫ್ಟ್‌ವೇರ್ ಎಂದಿದ್ದು ಅದನ್ನೇ.

ಎಐ ಹೀಗೆ ಮಾಡುತ್ತದೆ ಎಂಬುದು ಹೊಸ ಸುದ್ದಿಯಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಾಟ್‌ಜಿಪಿಟಿ ಬರೆದ ವೈದ್ಯಕೀಯ ಬರಹಗಳ 115 ರೆಫರೆನ್ಸ್‌ಗಳನ್ನು ಪರಿಶೀಲಿಸಿದ್ದರು. ಶೇ. 47 ಪೂರ್ತಿ ಕಟ್ಟುಕಥೆ. ಶೇ. 46 ನಿಜವಾದ ಲೇಖನಗಳೇ, ಆದರೆ ವಿವರ ತಪ್ಪು. ನಿಜವೂ ಹೌದು, ಸರಿಯೂ ಹೌದು ಎನ್ನುವಂಥವು ಶೇ. 7 ಮಾತ್ರ. ಆಮೇಲೆ ಬಂದ ಆವೃತ್ತಿಗಳು ಸುಧಾರಿಸಿರಬಹುದು, ಆದರೆ ಒಂದೊಂದನ್ನೂ ತೆರೆದು ನೋಡದೆ ನಂಬುವ ಹಾಗಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ್ದು ಇನ್ನೊಂದು ತಪ್ಪು. ವೈದ್ಯಕೀಯ ಪತ್ರಿಕೆಗಳು ಬಳಸುವ ವ್ಯಾಂಕೂವರ್ ಎಂಬ ರೆಫರೆನ್ಸ್ ಶೈಲಿಯಲ್ಲಿ, ಪಠ್ಯದಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೆ 1, ಮುಂದಿನದಕ್ಕೆ 2. ಪೀಠಿಕೆಯಲ್ಲಿ ಒಂದು ಸೇರಿಸಿದರೆ ಅದರ ನಂತರದ ಎಲ್ಲ ಸಂಖ್ಯೆಗಳೂ ಸರಿಯಬೇಕು. ಅವರು ಪಟ್ಟಿಯಲ್ಲಿ ಸಂಖ್ಯೆ ಬದಲಿಸಿ ಪಠ್ಯದಲ್ಲಿ ಹಾಗೆಯೇ ಬಿಟ್ಟಿದ್ದರು. ರಕ್ತನಾಳಕ್ಕೆ ಕೊಡುವ ಐರನ್ ಸುಕ್ರೋಸ್‌ನ ಡೋಸ್ ಹೇಳುವ ವಾಕ್ಯದ ಸಂಖ್ಯೆ ಹಿಡಿದು ಹೋದರೆ ಒಂದು ಆಹಾರ ಸಮೀಕ್ಷೆ ಸಿಗುತ್ತಿತ್ತು. ಯಾವುದೋ ತಾಲ್ಲೂಕು ಆಸ್ಪತ್ರೆಯ ವೈದ್ಯರು ಡೋಸ್ ಖಾತ್ರಿ ಮಾಡಿಕೊಳ್ಳಲು ಆ ಸಂಖ್ಯೆಯನ್ನೇ ಹುಡುಕಿಕೊಂಡು ಹೋಗುತ್ತಾರಲ್ಲವೇ?

ಓದದೆ ಉಲ್ಲೇಖಿಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಅಮೆರಿಕದ್ದು. 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಐದೇ ವಾಕ್ಯಗಳ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ ಓಪಿಯಾಯ್ಡ್ (ಅಫೀಮು ವರ್ಗದ ನೋವು ನಿವಾರಕ) ಪಡೆದ 11,882 ರೋಗಿಗಳಲ್ಲಿ ನಾಲ್ವರಿಗಷ್ಟೇ ಚಟ ಅಂಟಿದ್ದು ದಾಖಲಾಗಿದೆ ಎಂದು ಅದು ಹೇಳಿತ್ತು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಆ ಪತ್ರವನ್ನು ಉಲ್ಲೇಖಿಸಿದ 608 ಲೇಖನಗಳನ್ನು ಪತ್ತೆ ಮಾಡಿತು. ಶೇ. 80ಕ್ಕೂ ಹೆಚ್ಚಿನವು, ಆ ರೋಗಿಗಳು ಆಸ್ಪತ್ರೆಯಲ್ಲಿ ದಾಖಲಾಗಿದ್ದವರು ಎಂಬ ಮುಖ್ಯ ಮಾತನ್ನೇ ಬಿಟ್ಟಿದ್ದವು. ಓಪಿಯಾಯ್ಡ್‌ಗಳಿಂದ ಚಟ ಹತ್ತುವುದು ಅಪರೂಪ ಎಂಬ ನಂಬಿಕೆ ಬೆಳೆಯಲು ಇಂಥ ಉಲ್ಲೇಖಗಳೂ ಕಾರಣವಾದವು. ರೆಫರೆನ್ಸ್ ಅಂದರೆ ಕಡೆಯ ಪುಟದ ಅಲಂಕಾರ ಎಂದುಕೊಂಡವರಿಗೆ ಇದನ್ನು ಹೇಳಲೇಬೇಕು.

ಇನ್ನು, ಅವರು ದುಡ್ಡು ತೆಗೆದುಕೊಳ್ಳುವ ಕೆಲಸ ಎಷ್ಟರದು ನೋಡಿ. ರೆಫರೆನ್ಸ್‌ಗಳನ್ನು ಜೋಡಿಸಿಕೊಡುವ ಝೊಟೆರೊ ಎಂಬ ಸಾಫ್ಟ್‌ವೇರ್ ಉಚಿತ. ಲೇಖನದ ಪಬ್‌ಮೆಡ್ ಪುಟದಿಂದ ವಿವರವನ್ನು ನೇರ ಅದರೊಳಗೆ ಎಳೆದುಕೊಳ್ಳಬಹುದು, ಡಿಒಐ ಹಾಕಿದರೂ ಬರುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳಿವೆ. ಪತ್ರಿಕೆ ಬದಲಾದರೆ ಶೈಲಿಯ ಹೆಸರು ಬದಲಿಸಿ, ಸಂಖ್ಯೆಗಳು ತಾವಾಗಿ ಸರಿಯುತ್ತವೆ. ಬರೀ ‘ವ್ಯಾಂಕೂವರ್’ ಎಂದರೆ ಸಾಲದು: ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಮಾದರಿಯಲ್ಲಿ ಆರು ಲೇಖಕರ ನಂತರ ‘ಎಟ್ ಆಲ್’ (ಮತ್ತು ಇತರರು). ‘ಜಾಮಾ’ ಪತ್ರಿಕೆಯಲ್ಲಿ ಆರಕ್ಕಿಂತ ಹೆಚ್ಚಿದ್ದರೆ ಮೂವರ ನಂತರವೇ. ಪತ್ರಿಕೆಯ ಸೂಚನೆಯ ಪುಟ ನೋಡದೆ ಶುರು ಮಾಡಬೇಡಿ.

ಸಾಫ್ಟ್‌ವೇರ್ ಇದ್ದರೂ ಕಣ್ಣು ಹಾಯಿಸಬೇಕಾದ ಜಾಗಗಳಿವೆ. ಸಂಸ್ಥೆಯೇ ಲೇಖಕನಾದಲ್ಲಿ ಝೊಟೆರೊದಲ್ಲಿ ಹೆಸರಿನ ಎರಡು ಖಾನೆಗಳನ್ನು ಒಂದೇ ಖಾನೆ ಮಾಡಿ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಎಂಡ್‌ನೋಟ್‌ನಲ್ಲಾದರೆ ಹೆಸರಿನ ಕೊನೆಗೆ ಅಲ್ಪವಿರಾಮ ಹಾಕಿ. ನಮ್ಮ ಕಡೆಯ ಹೆಸರುಗಳನ್ನಂತೂ ಒಂದೊಂದೇ ನೋಡಿ. ಊರು, ಅಪ್ಪನ ಹೆಸರುಗಳೆಲ್ಲ ಇನಿಷಿಯಲ್ ಆಗಿರುವ ನಮ್ಮವರ ಹೆಸರಲ್ಲಿ ಯಾವುದು ಮನೆತನದ ಹೆಸರು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಪ್ರಕಟಿತ ಲೇಖನದಲ್ಲಿ ಹೇಗಿದೆಯೋ ಅದಕ್ಕೆ ಹೋಲಿಸಿ. ಹಿಂತೆಗೆದುಕೊಂಡ ಲೇಖನಗಳನ್ನು ಝೊಟೆರೊ ಕೆಂಪು ಪಟ್ಟಿ ಹಾಕಿ ತೋರಿಸುತ್ತದೆ. ಅಂಥದ್ದು ಪಟ್ಟಿಯಲ್ಲಿ ನುಸುಳದಂತೆ ನೋಡಿಕೊಳ್ಳುವುದು ಲೇಖಕರದೇ ಜವಾಬ್ದಾರಿ ಎಂದು ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸಿನಲ್ಲಿಯೇ ಇದೆ.

ನಮ್ಮ ಪೇಪರ್ ತಿರಸ್ಕೃತವಾಯಿತು. ಹಣ ವಾಪಸ್ ಬರಲಿಲ್ಲ, ಪ್ರಕಟವಾಗದ ನಮ್ಮ ದತ್ತಾಂಶ ಅವರ ಬಳಿಯೇ ಉಳಿದಿದೆ. ಮೇಡಂ ಸಂಪಾದಕರಿಗೆ ಇದ್ದದ್ದು ಇದ್ದ ಹಾಗೆ ಬರೆದರು, ಈಗ ಪ್ರತಿ ಲೇಖನವನ್ನೂ ತೆರೆದು ಓದಿ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತಿದ್ದೇವೆ.

ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ ವರ್ಡ್ ಫೈಲ್ ತೆರೆದು ಪಠ್ಯದಲ್ಲಿನ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿ. ಬೂದು ಛಾಯೆ ಬಾರದಿದ್ದರೆ ಅದು ಕೈಯಲ್ಲಿ ಟೈಪ್ ಮಾಡಿದ್ದು, ಅಥವಾ ಸಾಫ್ಟ್‌ವೇರ್‌ನ ಕೊಂಡಿ ಕತ್ತರಿಸಿದ್ದು. ಸಾಫ್ಟ್‌ವೇರ್‌ನಲ್ಲಿ ರೆಫರೆನ್ಸ್‌ಗಳನ್ನು ಕೂಡಿಟ್ಟ ಲೈಬ್ರರಿ ಫೈಲ್ ಕಳಿಸಿ ಎಂದು ಕೇಳಿ. ಕೊಡದಿದ್ದರೆ ಪ್ರತಿ ಡಿಒಐಯನ್ನೂ ನೀವೇ ತೆರೆದು ನೋಡುವವರೆಗೆ ಸಬ್ಮಿಟ್ ಒತ್ತಬೇಡಿ. ಒತ್ತಿ ಆಗಿದ್ದರೆ, ಪತ್ರಿಕೆಯವರು ಕೇಳುವ ಮೊದಲೇ ಸಂಪಾದಕರಿಗೆ ಬರೆದು ಸರಿಪಡಿಸಿದ ಪಟ್ಟಿ ಕಳಿಸಿ.